ಮೂರಂಗುಲದ ಕೆಮ್ಮು, ಹಸಿರು ಲ್ಯಾಂಪ್‌ಶೇಡು

ಒಂದು ಸಾಧಾರಣ ಕೆಮ್ಮಿಗೆ ಮೂರಂಗುಲ ಟೇಪು ಬೇಕು. ಗಂಟಲು ಸರಿಮಾಡಿಕೊಳ್ಳುವುದಕ್ಕೆ ಐದು. ಭಾಷಣಕಾರರು ಹಾಳೆ ಮಗುಚುವ ಸರಬರ ಸದ್ದಿಗೆ ನಾಲ್ಕು. ಇದೆಲ್ಲ ನನಗೆ ಬಾಯಿಪಾಠ. 1984ರಲ್ಲಿ ಭದ್ರಾವತಿ ಆಕಾಶವಾಣಿಗೆ ಸೇರಿದ ಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ ಕೆಲಸದಲ್ಲಿ ಅರ್ಧ ಇಂಥವನ್ನು ಕತ್ತರಿಸಿ ತೆಗೆಯುವುದೇ ಆಗಿತ್ತು. ಕಾಲಂಗುಲ ಅಗಲದ ಕಂದು ಟೇಪು ಸೆಕೆಂಡಿಗೆ ಏಳೂವರೆ ಅಂಗುಲದ ಲೆಕ್ಕದಲ್ಲಿ ಹೆಡ್ಡಿನ ಮುಂದೆ ಹಾಯುತ್ತಿತ್ತು. ಎರಡು ಕೈಯಲ್ಲಿ ಎರಡು ಸ್ಪೂಲು ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರೆ ಕೆಮ್ಮು ಎಮ್ಮೆ ನರಳಿದ ಹಾಗೆ ಕೇಳುತ್ತಿತ್ತು. ಅದು ಶುರುವಾಗುವಲ್ಲಿ ಹಳದಿ ಪೆನ್ಸಿಲಿನಲ್ಲಿ ಒಂದು ಗೆರೆ, ಮುಗಿಯುವಲ್ಲಿ ಇನ್ನೊಂದು. ಅಲ್ಯೂಮಿನಿಯಂ ಬ್ಲಾಕಿನ ಕೊರಕಲಿನಲ್ಲಿ ಟೇಪು ಕೂರಿಸಿ, ಬ್ಲೇಡಿನಲ್ಲಿ ಓರೆಯಾಗಿ ಎರಡು ಸಲ ಕೊಯ್ದು, ಉಳಿದ ತುದಿಗಳನ್ನು ಮುಟ್ಟಿಸಿ, ಬೆನ್ನಿಗೆ ಬಿಳಿ ಅಂಟುಪಟ್ಟಿ ಹಚ್ಚಿ ಉಗುರಿನಿಂದ ಉಜ್ಜಿದರೆ ಆಯಿತು. ಸಂಜೆ ಕೃಷಿರಂಗ ಕಾರ್ಯಕ್ರಮದಲ್ಲಿ ರೈತರು ಜನ್ಮದಲ್ಲೇ ಕೆಮ್ಮದವರ ಹಾಗೆ ಮಾತಾಡುತ್ತಿದ್ದರು.

ಕಳೆದ ವರ್ಷ ದಸರಾ ರಜೆಗೆ ಶಿವಮೊಗ್ಗದ ನಮ್ಮ ಮನೆಗೆ ಬಂದ ಅಣ್ಣನ ಮಗ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. "ಅತ್ತೆ, ಇದು ಯಾವ ಸಿಂಥಸೈಜರ್ ಇರಬಹುದು, ಹೇಳಿ ನೋಡೋಣ." ಹಗಲು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ರಾತ್ರಿ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಹುಚ್ಚು ಅವನಿಗೆ. ಅವನು ಕಟ್ಟುವುದರಲ್ಲಿ ಪಲ್ಲವಿಯೂ ಇಲ್ಲ, ಚರಣವೂ ಇಲ್ಲ. ಒಂದೊಂದು ಸಲ ಮಿಕ್ಸಿ ಕೆಟ್ಟ ಹಾಗೆ ಇರುತ್ತದೆ, ಒಂದೊಂದು ಸಲ ಮೈ ಜುಮ್ಮೆನ್ನುತ್ತದೆ. ಅವತ್ತು ಕೇಳಿಸಿದ್ದು ಮಾತ್ರ ಅವನದ್ದಲ್ಲ. ಕೆಳಗೆ ಕುದುರೆ ಓಡಿದ ಹಾಗೆ ಒಂದು ಮಂದ್ರದ ತಾಳ. ಮೇಲೆ, ಮನುಷ್ಯರದ್ದೂ ಅಲ್ಲದ ಪಿಟೀಲಿನದ್ದೂ ಅಲ್ಲದ ಒಂದು ಕೂಗು ಸ್ವರದಿಂದ ಸ್ವರಕ್ಕೆ ಜಾರುತ್ತದೆ. ನಡುವೆ ಗಾಳಿ, ಹಬೆ, ಗುಳ್ಳೆ. ಬಿಬಿಸಿ ಟೆಲಿವಿಷನ್ನಿನ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತ ಅದು. ಮೊದಲ ಪ್ರಸಾರ 1963ರ ನವೆಂಬರ್ 23. ರಾಗ ಹಾಕಿದ್ದು ರಾನ್ ಗ್ರೇನರ್, ಅದನ್ನು ಸದ್ದಾಗಿ ಮಾಡಿದ್ದು ಡೀಲಿಯಾ ಡಾರ್ಬಿಶರ್ ಎಂಬ ಹೆಣ್ಣುಮಗಳು. ನಮ್ಮ ಹುಡುಗನಿಗೆ ಆಕೆ ದೇವರು. ಆಕೆ ಬಳಸಿದ ಸಾಮಾನಿನ ಪಟ್ಟಿ ಮಾಡಿ, ಒಂದೊಂದಾಗಿ ತಾನೂ ಕೊಳ್ಳಬೇಕೆಂಬುದು ಅವನ ಆಸೆ. ಪಟ್ಟಿಯಲ್ಲಿ ಮೂರು ಸಿಂಥಸೈಜರ್‌ಗಳ ಹೆಸರಿದ್ದವು, ಮೂರರ ಮುಂದೆಯೂ ಪ್ರಶ್ನೆಚಿಹ್ನೆ.

ಇದೊಂದು ಹವ್ಯಾಸ ಎಂಬುದು ನನಗೆ ಆಮೇಲೆ ತಿಳಿಯಿತು. ಮೆಚ್ಚಿನ ಸಂಗೀತಗಾರನ ಸ್ಟುಡಿಯೋದಲ್ಲಿ ಏನೇನಿದೆ ಎಂದು ಪತ್ತೆ ಮಾಡುವವರ ಒಂದು ಪಂಗಡವೇ ಲೋಕದ ತುಂಬ ಇದೆ. ಹಳೆಯ ಫೋಟೋದ ಮೂಲೆಯಲ್ಲಿ ಅರ್ಧ ಕಾಣುವ ಗುಂಡಿಗಳನ್ನು ಎಣಿಸಿ ಯಂತ್ರದ ಹೆಸರು ಹೇಳುತ್ತಾರೆ. ಸದ್ದನ್ನು ಚಿತ್ರವಾಗಿ ಬಿಡಿಸುವ ತಂತ್ರಾಂಶಕ್ಕೆ ಹಾಡನ್ನು ತುಂಬಿ, ಗೆರೆಗಳಲ್ಲಿ ಸುಳಿವು ಹುಡುಕುತ್ತಾರೆ. ಎಫೆಕ್ಸ್ ಟ್ವಿನ್ ಎಂಬ ಬ್ರಿಟಿಷ್ ಕಲಾವಿದ 1999ರಲ್ಲಿ ಇಂಥವರನ್ನು ಕಾಡಿಸಲೆಂದೋ ಏನೋ, ಒಂದು ರಚನೆಯ ಸದ್ದಿನೊಳಗೆ ತನ್ನದೇ ಮುಖ ಅಡಗಿಸಿಟ್ಟಿದ್ದ. ಕಿವಿಗೆ ಅದು ಬರೀ ಕರ್ಕಶ. ಚಿತ್ರವಾಗಿ ಬಿಡಿಸಿದವರಿಗೆ ಹಲ್ಲು ಕಿರಿದ ಮೋರೆ. ಇಂಥ ಚೇಷ್ಟೆ ನನಗೆ ಇಷ್ಟ.

ಹುಡುಗನ ಪಟ್ಟಿಯಲ್ಲಿ ಮೊದಲ ಹೆಸರು ಮೂಗ್ ಇತ್ತು. ಅದನ್ನು ಹೊಡೆದುಹಾಕಲು ಕಿವಿ ಬೇಕಾಗಲಿಲ್ಲ, ಕ್ಯಾಲೆಂಡರ್ ಸಾಕಾಯಿತು. ಅಮೆರಿಕದ ರಾಬರ್ಟ್ ಮೂಗ್ ತನ್ನ ಸಿಂಥಸೈಜರನ್ನು ಜನರ ಮುಂದಿಟ್ಟದ್ದು 1964ರಲ್ಲಿ. ಎರಡನೆಯದು ವಿಸಿಎಸ್-3, ಇಂಗ್ಲೆಂಡಿನದ್ದು, 1969. ಮೂರನೆಯದು ಜಪಾನಿನದ್ದು, ಅದರ ಮಾತೇ ಬೇಡ. ಹಾಗಾದರೆ 1963ರಲ್ಲಿ ಲಂಡನ್ನಿನಲ್ಲಿ ಏನಿತ್ತು? "ಏನೂ ಇರ್ಲಿಲ್ವಲ್ಲ ಅತ್ತೆ!" ಅಂದ. ಇನ್ನೊಮ್ಮೆ ಹಾಕು ಅಂದೆ.

ಎರಡನೇ ಸಲ ಕೇಳುವಾಗ ನಾನು ಮೇಲಿನ ಕೂಗನ್ನು ಬಿಟ್ಟು ಕೆಳಗಿನ ಮಂದ್ರವನ್ನೇ ಹಿಡಿದೆ. ತಂತಿ ಮೀಟಿದ ಸದ್ದು, ಅನುಮಾನವಿಲ್ಲ. ಆದರೆ ವಾದ್ಯ ನುಡಿಸಿದ ಸದ್ದಲ್ಲ. ವೀಣೆಯವರು ಸಾವಿರ ಸಲ ಮೀಟಿದರೂ ಎರಡು ಮೀಟು ಒಂದೇ ಆಗುವುದಿಲ್ಲ. ಉಗುರು ಒಂದು ಸಲ ಗಟ್ಟಿ, ಒಂದು ಸಲ ಓರೆ. ಇಲ್ಲಿ ಸ್ವರ ಬದಲಾಗುತ್ತದೆ, ಮೀಟು ಬದಲಾಗುವುದಿಲ್ಲ. ಅದೇ ಗೀರು, ಅದೇ ಗುಂಜು. ಮೇಲಿನ ಸ್ವರಕ್ಕೆ ಹೋದಾಗ ಆ ಗುಂಜು ತುಸು ಬೇಗ ಒಣಗುತ್ತದೆ, ಕೆಳಕ್ಕೆ ಬಂದಾಗ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಇದನ್ನು ನಾನು ಎಲ್ಲಿ ಕೇಳಿದ್ದೆ? ನಮ್ಮ ಸ್ಟುಡಿಯೋದಲ್ಲೇ. ಹದಿನೈದರ ವೇಗದಲ್ಲಿ ಹಾಕಬೇಕಾದ ಟೇಪನ್ನು ಮರೆತು ಏಳೂವರೆಗೆ ಹಾಕಿದಾಗ, ಗಾಯಕಿಯ ಕಂಠ ಒಂದು ಸ್ಥಾಯಿ ಕೆಳಕ್ಕಿಳಿದು ಗಂಡಸಿನದ್ದಾಗುತ್ತಿತ್ತು, ಹಾಡು ಎರಡರಷ್ಟು ಉದ್ದವಾಗುತ್ತಿತ್ತು. ಟೇಪಿನ ವೇಗ ಬದಲಿಸಿದರೆ ಶ್ರುತಿಯೂ ಕಾಲವೂ ಒಟ್ಟಿಗೇ ಬದಲಾಗುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಇಲ್ಲ.

"ಇದು ಒಂದೇ ಒಂದು ತಂತಿ ಕಣೋ," ಅಂದೆ. "ಒಂದೇ ಸಲ ಮೀಟಿದ್ದು. ಮಿಕ್ಕಿದ್ದೆಲ್ಲ ಟೇಪು, ಬ್ಲೇಡು."

ಅವನು ನಂಬಲಿಲ್ಲ. ಆಮೇಲೆ ತಾನೇ ಓದಿ ನೋಡಿ, ಡಾರ್ಬಿಶರ್ ಕೊಟ್ಟ ಸಂದರ್ಶನಗಳಲ್ಲೂ ಆಕೆಗೆ ನೆರವಾದ ಡಿಕ್ ಮಿಲ್ಸ್ ಹೇಳಿದ ನೆನಪುಗಳಲ್ಲೂ ಅದೇ ಇದೆ ಎಂದು ಒಪ್ಪಿಕೊಂಡ. ಮೀಟಿದ ಒಂದು ತಂತಿಯನ್ನು ಟೇಪಿಗೆ ಇಳಿಸಿಕೊಂಡು, ವೇಗ ಬದಲಿಸುತ್ತಾ ಇನ್ನೊಂದು ಯಂತ್ರಕ್ಕೆ ಪ್ರತಿ ತೆಗೆದು, ಬೇಕಾದ ಸ್ವರಗಳನ್ನೆಲ್ಲ ಹೀಗೆ ಮಾಡಿಟ್ಟುಕೊಂಡರು. ಒತ್ತು ಇರುವಲ್ಲಿಗೆ ಜೋರಿನ ಪ್ರತಿ, ಇಲ್ಲದಲ್ಲಿಗೆ ಮೆಲುವಿನ ಪ್ರತಿ. ಪ್ರತಿ ಸ್ವರವನ್ನೂ ಉದ್ದಕ್ಕೆ ತಕ್ಕಂತೆ ಕತ್ತರಿಸಿ, ಸಾಲಾಗಿ ಅಂಟಿಸಿದರು. ಎರಡು ನಿಮಿಷ ಚಿಲ್ಲರೆಯ ಸಂಗೀತಕ್ಕೆ ಎಷ್ಟು ಅಂಟು ಬಿದ್ದಿರಬೇಕು! ನಮ್ಮಲ್ಲಿ ಅರ್ಧ ಗಂಟೆಯ ರೂಪಕಕ್ಕೆ ನಲವತ್ತು ಅಂಟು ಬಿದ್ದರೆ ಚಹಾ ತರಿಸಿಕೊಳ್ಳುತ್ತಿದ್ದೆವು.

ಲೆಕ್ಕ ಹೇಗೆ ಎಂದು ಹುಡುಗ ಕೇಳಿದ. ಅದು ಸುಲಭ, ತುಸು ತಾಳ್ಮೆ ಬೇಕು ಅಷ್ಟೆ. ಹದಿನೈದರ ವೇಗದಲ್ಲಿ ಷಡ್ಜ ಹಿಡಿದ ಒಂದು ಸೆಕೆಂಡಿನ ಸದ್ದು ಹದಿನೈದು ಅಂಗುಲ. ಪಂಚಮ ಬೇಕೆಂದರೆ ವೇಗ ಒಂದೂವರೆ ಪಟ್ಟಾಗಬೇಕು. ಆಗ ಹೊಸ ಪ್ರತಿಯಲ್ಲಿ ಅದೇ ಸದ್ದು ಹತ್ತೇ ಅಂಗುಲಕ್ಕೆ ಮುಗಿದುಬಿಡುತ್ತದೆ. ಮೇಲಿನ ಷಡ್ಜಕ್ಕೆ ವೇಗ ಎರಡು ಪಟ್ಟು, ಉದ್ದ ಏಳೂವರೆ. ನಡುವಿನ ಹನ್ನೆರಡು ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಹಿಂದಿನದ್ದಕ್ಕಿಂತ ಸುಮಾರು 1.0595 ಪಟ್ಟು. ಇದನ್ನು ಹನ್ನೆರಡು ಸಲ ಗುಣಿಸುತ್ತಾ ಕೂರುವವರು ಯಾರು? ಡಾರ್ಬಿಶರ್ ಲಾಗರಿತಂ ಕೋಷ್ಟಕದ ಪುಸ್ತಕವನ್ನು ಕೈಯಳತೆಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ನಾವು ಪಿಯುಸಿಯಲ್ಲಿ ಶಪಿಸುತ್ತಾ ಪುಟ ತಿರುವುತ್ತಿದ್ದ ಅದೇ ಕೋಷ್ಟಕ. ಹುಡುಗನ ಸಾಮಾನು ಪಟ್ಟಿಗೆ ಸೇರಿದ ಮೊದಲ ಖಚಿತ ವಸ್ತು ಅದೇ.

ಮೇಲಿನ ಕೂಗಿಗೆ ಬರೋಣ. ಅದು ಆಸಿಲೇಟರ್. ರೇಡಿಯೋದಲ್ಲಿ ಕೆಲಸ ಮಾಡಿದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ತಂತಿಮಾರ್ಗ ಸರಿಯಿದೆಯೇ ಎಂದು ನೋಡಲು 'ಕೂ' ಎಂದು ಒಂದೇ ಸಮನೆ ಒಂದು ಸ್ವರ ಕಳಿಸುತ್ತಾರಲ್ಲ, ಅದನ್ನು ಹುಟ್ಟಿಸುವ ಪೆಟ್ಟಿಗೆ. ನಮ್ಮ ಕಂಟ್ರೋಲ್ ರೂಮಿನಲ್ಲೂ ಒಂದಿತ್ತು. ಗುಂಡಿ ತಿರುಗಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ ನಮಗೆ ಯಾರಿಗೂ ಅದರಲ್ಲಿ ಮೋಹನ ನುಡಿಸಿ ನೋಡೋಣ ಎನಿಸಲಿಲ್ಲ. ಲಂಡನ್ನಿನಲ್ಲಿ ಎನಿಸಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಆ ಕೂಗು, ಲೆಕ್ಕ ಹಾಕಿದ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಗುಂಡಿ ತಿರುಗಿಸಿ ತಂದದ್ದು. ಕರ್ನಾಟಕ ಸಂಗೀತದವರು ಅದನ್ನು ಜಾರು ಎಂದೇ ಗುರುತಿಸುತ್ತಾರೆ. ಜಾರದೆ ನಿಂತು ನುಡಿಯುವ ಸ್ವರಗಳಿಗಾಗಿ ಆಸಿಲೇಟರ್‌ಗಳಿಗೆ ಒಂದು ಕೀಲಿಮಣೆ ಜೋಡಿಸಿಕೊಂಡಿದ್ದರು. ಗಾಳಿ, ಗುಳ್ಳೆಗಳೆಲ್ಲ ಎರಡು ಸ್ಟೇಷನ್ನುಗಳ ನಡುವೆ ಮುಳ್ಳು ನಿಂತಾಗ ರೇಡಿಯೋ ಹಾಕುವ 'ಶ್' ಎಂಬ ಸದ್ದಿನ ಜಾತಿಯವೇ, ಜರಡಿ ಹಿಡಿದು ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡವು. ಗ್ರೇನರ್ ಕೊಟ್ಟ ಒಂದು ಹಾಳೆಯ ಸ್ವರಲಿಪಿಯಲ್ಲಿ ಗಾಳಿ, ಗುಳ್ಳೆ, ಮೋಡ ಎಂದೆಲ್ಲ ಬರೆದಿತ್ತಂತೆ. ಮೋಡಕ್ಕೆ ಸದ್ದು ಯಾವುದು ಎಂದು ಹುಡುಕುವ ಭಾರ ಆಕೆಯದ್ದು.

ಈ ಎಲ್ಲ ಸಾಮಾನು ಇದ್ದದ್ದು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗದಲ್ಲಿ. ಡಾಫ್ನಿ ಓರಮ್, ಡೆಸ್ಮಂಡ್ ಬ್ರಿಸ್ಕೋ ಎಂಬಿಬ್ಬರ ಪಟ್ಟಿನಿಂದ 1958ರಲ್ಲಿ ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದಲ್ಲಿ ಶುರುವಾದದ್ದು. ಆ ಕಟ್ಟಡ ಮೊದಲಿಗೆ ಚಕ್ರದ ಬೂಟು ತೊಟ್ಟು ಜಾರಾಡುವ ರಿಂಕ್ ಆಗಿತ್ತು. ವಿಭಾಗಕ್ಕೆ ಬಂದ ಸಾಮಾನಿನಲ್ಲಿ ಬಹುಪಾಲು ಬೇರೆ ವಿಭಾಗಗಳು ಬೇಡವೆಂದು ಬಿಟ್ಟದ್ದು. ಸಂಗೀತ ವಿಭಾಗದವರು ಇದನ್ನು ಸಂಗೀತವೆಂದು ಒಪ್ಪದೇ ಇದ್ದದ್ದರಿಂದ ಇವರು ಮಾಡುವುದಕ್ಕೆ 'ವಿಶೇಷ ಸದ್ದು' ಎಂದೇ ಹೆಸರು. ಅದೇ ಧಾರಾವಾಹಿಯಲ್ಲಿ ಕಾಲಯಾನದ ಪೆಟ್ಟಿಗೆ ಏದುಸಿರು ಬಿಡುತ್ತಾ ಮಾಯವಾಗುವ ಸದ್ದನ್ನು ಬ್ರಯನ್ ಹಾಜ್‌ಸನ್ ಮಾಡಿದ್ದು ಮನೆಯ ಬೀಗದ ಕೈಯನ್ನು ಹಳೆಯ ಪಿಯಾನೋದ ಮಂದ್ರದ ತಂತಿಯ ಮೇಲೆ ಗೀರಿ. ಬೀಗದ ಕೈಯೂ ಪಟ್ಟಿಗೆ ಸೇರಿತು.

ಬಹುಪಥದ ಧ್ವನಿಮುದ್ರಣ ಅವರಲ್ಲಿ ಆಗ ಇರಲಿಲ್ಲ. ಮಂದ್ರದ್ದೊಂದು ಟೇಪು, ಕೂಗಿನದ್ದೊಂದು, ಗಾಳಿ ಗುಳ್ಳೆಯದ್ದೊಂದು. ಎಲ್ಲವನ್ನೂ ಬೇರೆ ಬೇರೆ ಯಂತ್ರಕ್ಕೆ ಹಾಕಿ 'ಒಂದು, ಎರಡು, ಮೂರು' ಎಂದು ಒಟ್ಟಿಗೆ ಗುಂಡಿ ಒತ್ತಬೇಕು. ಒಂದು ಸಲ ಎಲ್ಲೋ ಒಂದು ಸ್ವರ ಎಡವುತ್ತಿತ್ತು, ಎಲ್ಲಿ ಎಂದು ತಿಳಿಯದು. ಟೇಪುಗಳನ್ನು ಉದ್ದನೆಯ ಕಾರಿಡಾರಿಗೆ ಒಯ್ದು ನೆಲದ ಮೇಲೆ ಪಕ್ಕಪಕ್ಕಕ್ಕೆ ಬಿಚ್ಚಿ ಹಾಸಿ, ಅಂಟಿಗೆ ಅಂಟು ಸರಿಹೊಂದುತ್ತದೆಯೇ ಎಂದು ನೋಡುತ್ತಾ ನಡೆದು ತಪ್ಪು ಹಿಡಿದರು ಎಂದು ಮಿಲ್ಸ್ ಹೇಳಿದ್ದಾರೆ. ಈ ಪ್ರಸಂಗ ಕೇಳಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ತಪ್ಪನ್ನು ಕಿವಿಯಿಂದಲ್ಲ, ಅಡಿಪಟ್ಟಿಯಿಂದ ಹುಡುಕಬಹುದಾದ ಸಂಗೀತ ಅದು. ಹುಡುಗನ ಕಂಪ್ಯೂಟರ್ ಪರದೆಯ ಮೇಲೆ ಈಗ ಕಾಣುವುದೂ ಅದೇ ಕಾರಿಡಾರು ತಾನೇ, ಅಡ್ಡಕ್ಕೆ ಹಾಸಿದ ಬಣ್ಣಬಣ್ಣದ ಪಟ್ಟಿಗಳು.

ಆಕೆಯ ಬಗ್ಗೆ ನಾಲ್ಕು ಮಾತು. 1937ರಲ್ಲಿ ಕೊವೆಂಟ್ರಿಯಲ್ಲಿ ಹುಟ್ಟಿದವಳು. ಮೂರೂವರೆ ವರ್ಷದ ಮಗು ಇದ್ದಾಗ ಊರಿನ ಮೇಲೆ ಜರ್ಮನ್ ಬಾಂಬುಗಳು ಬಿದ್ದವು. ದಾಳಿಯ ಸೈರನ್ನು, ಅಪಾಯ ಕಳೆಯಿತು ಎನ್ನುವ ಸೈರನ್ನು, ಇವೇ ತಾನು ಕೇಳಿದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂದು ಮುಂದೆ ಹೇಳಿಕೊಂಡಿದ್ದಳು. ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದಳು. 1959ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಗೆ ಅರ್ಜಿ ಹಾಕಿದರೆ, ನಮ್ಮ ಸ್ಟುಡಿಯೋದಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. 1960ರಲ್ಲಿ ಬಿಬಿಸಿಗೆ, 1962ರಲ್ಲಿ ವರ್ಕ್‌ಶಾಪಿಗೆ. ಒಂದೇ ವರ್ಷದಲ್ಲಿ ಆ ಸಂಗೀತ. ಅದನ್ನು ಕೇಳಿ ಬೆರಗಾದ ಗ್ರೇನರ್ ಸಂಭಾವನೆಯಲ್ಲಿ ಆಕೆಗೂ ಪಾಲು ಸಿಗಲೆಂದು ಪ್ರಯತ್ನಪಟ್ಟ. ವಿಭಾಗದವರ ಹೆಸರು ಹಾಕುವ ರೂಢಿ ಬಿಬಿಸಿಯಲ್ಲಿ ಇರಲಿಲ್ಲ, ಹಾಗಾಗಿ ಅದು ಆಗಲಿಲ್ಲ. ಧಾರಾವಾಹಿಯ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ, 2013ರಲ್ಲಿ, ಆಕೆಯ ಹೆಸರು ಪರದೆಯ ಮೇಲೆ ಬಂತು. ಆಕೆ ತೀರಿಕೊಂಡು ಆಗಲೇ ಹನ್ನೆರಡು ವರ್ಷ. ನಮ್ಮ ಆಕಾಶವಾಣಿಯ ಮುಂಜಾನೆಯ ಆ ಪಿಟೀಲು ತಂಬೂರಿಯ ರಾಗವನ್ನೇ ತೆಗೆದುಕೊಳ್ಳಿ. ಹಿಟ್ಲರನ ಕಾಲದಲ್ಲಿ ಯೂರೋಪು ಬಿಟ್ಟು ಮುಂಬೈಗೆ ಬಂದ ವಾಲ್ಟರ್ ಕಾಫ್‌ಮನ್ ಮಾಡಿದ್ದೆನ್ನುತ್ತಾರೆ. ದಿನಾ ಕೇಳಿ ಎದ್ದ ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ಈಗ ಲ್ಯಾಂಪ್‌ಶೇಡು. ಇದೇ ನನ್ನನ್ನು ಹೆಚ್ಚು ದಿನ ಹಿಡಿದಿಟ್ಟದ್ದು.

ಸಹಾರಾ ಮರುಭೂಮಿಯ ತುಆರೆಗ್ ಜನರ ಬಗೆಗಿನ ಸಾಕ್ಷ್ಯಚಿತ್ರಕ್ಕೆ ಡಾರ್ಬಿಶರ್ 1967ರಲ್ಲಿ 'ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್' ಎಂಬ ರಚನೆ ಮಾಡಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ ದೂರದಲ್ಲಿ ಏನೋ ಅಲ್ಲಾಡಿದ ಹಾಗೆ ಕಾಣುತ್ತದಲ್ಲ, ಅದು ಕೇಳಿಸಿದರೆ ಹೇಗಿರುತ್ತದೋ ಹಾಗಿದೆ. ಒಂಟೆಗಳ ಹೆಜ್ಜೆ ಆಕೆಯದೇ ಗಂಟಲಿನ ಸದ್ದಿನ ತುಂಡುಗಳು. ಆ ಬೀಸುಗಾಳಿಯಂಥ ನಾದದ ಮೂಲ ಮಾತ್ರ ಸ್ಟುಡಿಯೋದಲ್ಲಿದ್ದ, ಬಣ್ಣಗೆಟ್ಟ ಒಂದು ಹಸಿರು ಲ್ಯಾಂಪ್‌ಶೇಡು. ಬಡಿದರೆ ಚೆಂದ ಮೊಳಗುತ್ತಿತ್ತಂತೆ. ಆಕೆ ಮಾಡಿದ್ದಿಷ್ಟು: ಮೊಳಗನ್ನು ಟೇಪಿಗೆ ಹಿಡಿದು, ಬಡಿದ ಕ್ಷಣದ 'ಠಣ್' ಅನ್ನು ತೆಗೆದುಹಾಕಿದಳು. ಉಳಿದ ನಾದದೊಳಗೆ ಯಾವ ಯಾವ ಸ್ವರಗಳು ಅಡಗಿವೆ ಎಂದು ಬಿಡಿಸಿ, ಎದ್ದು ಕಾಣುವ ಹನ್ನೆರಡನ್ನು ಆರಿಸಿದಳು. ವರ್ಕ್‌ಶಾಪಿನಲ್ಲಿದ್ದ ಹನ್ನೆರಡು ಆಸಿಲೇಟರ್‌ಗಳಿಗೆ ಒಂದೊಂದು ಸ್ವರ ಹಂಚಿ, ಅದೇ ನಾದವನ್ನು ಮತ್ತೆ ಹೊಸದಾಗಿ ಕಟ್ಟಿದಳು.

ಒಂದು ಸದ್ದಿನೊಳಗೆ ಹಲವು ಸ್ವರಗಳಿರುತ್ತವೆ ಎಂಬುದು ತಂಬೂರಿಯ ಪಕ್ಕ ಕೂತವರಿಗೆ ಗೊತ್ತಿರುವ ಮಾತು. ಮಂದ್ರ ಷಡ್ಜದ ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ ಮೀಟಿದರೆ, ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ, ಸ್ವಯಂಭೂ ಗಾಂಧಾರ ಎನ್ನುತ್ತಾರೆ. ತಂತಿಯಲ್ಲಿ ಈ ಒಳಸ್ವರಗಳು ಎರಡು ಪಟ್ಟು, ಮೂರು ಪಟ್ಟು, ನಾಲ್ಕು, ಐದು ಎಂದು ಕೂಡುಕುಟುಂಬದ ಹಾಗೆ ಒಪ್ಪವಾಗಿರುತ್ತವೆ. ತಟ್ಟೆ, ಜಾಗಟೆ, ಗಂಟೆ, ಲ್ಯಾಂಪ್‌ಶೇಡುಗಳಲ್ಲಿ ಹಾಗಲ್ಲ. ಒಂದಕ್ಕೊಂದು ಲೆಕ್ಕಕ್ಕೆ ಸಿಗದೆ, ತಲೆಗೊಂದು ದಾರಿ ಹಿಡಿದಿರುತ್ತವೆ. ಲೋಹದ ಮೊಳಗಿಗೆ ಆ ಹೊಳಪು ಬರುವುದು ಅದರಿಂದಲೇ.

ಮಾಡಿಯೇ ನೋಡೋಣ ಎಂದು ಹಟ ಹಿಡಿದವಳು ನಾನು. ಹಿಂದೆ ರೈಲ್ವೆ ಸ್ಟೇಷನ್ನುಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ತೂಗುತ್ತಿದ್ದ, ಹೊರಗೆ ಹಸಿರು ಒಳಗೆ ಬಿಳಿ ಬಣ್ಣದ ದೀಪದ ಟೋಪಿಗಳು ನೆನಪಿವೆಯೇ? ಗುಜರಿ ಅಂಗಡಿಯಲ್ಲಿ ಒಂದು ಸಿಕ್ಕಿತು, ಅಂಚಿನಲ್ಲಿ ಎರಡು ಕಡೆ ಬಣ್ಣ ಚಕ್ಕೆ ಎದ್ದದ್ದು, ನೂರೈವತ್ತು ರೂಪಾಯಿ. ಕೈಯಲ್ಲಿ ಹಿಡಿದು ಬಡಿದೆ. 'ಡಬ್'. ಮಣ್ಣಿನ ಮಡಕೆಯೇ ವಾಸಿ. ಹುಡುಗನ ಮುಖ ಸಣ್ಣಗಾಯಿತು. ಕೈ ತಾಗಿದರೆ ಲೋಹ ಉಸಿರು ಕಟ್ಟುತ್ತದೆ, ಜಾಗಟೆಯನ್ನು ದಾರದಲ್ಲಿ ತೂಗುಬಿಡುವುದು ಸುಮ್ಮನೆ ಅಲ್ಲವಲ್ಲ. ಬಲ್ಬಿನ ತೂತಿಗೆ ಸೆಣಬಿನ ಹುರಿ ಪೋಣಿಸಿ ಹಿತ್ತಲಿನ ಜಂತಿಗೆ ಕಟ್ಟಿ, ಬಟ್ಟೆ ಸುತ್ತಿದ ಮರದ ಸೌಟಿನಿಂದ ಅಂಚಿಗೆ ಮೆಲ್ಲಗೆ ತಾಗಿಸಿದೆ. ಈಗ ಅದು ಹಾಡಿತು. ಮೊದಲು ಮೂರ್ನಾಲ್ಕು ಸ್ವರಗಳ ಗದ್ದಲ, ಆಮೇಲೆ ಮೇಲಿನವು ಒಂದೊಂದಾಗಿ ಎದ್ದುಹೋಗಿ, ಕೊನೆಗೆ ಒಂದೇ ಒಂದು ತೆಳು ಸ್ವರ ತೂಗಾಡುತ್ತಾ ಉಳಿಯಿತು. ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, "ಏನು ಪೂಜೆ ಇವತ್ತು?" ಎಂದು ಕೇಳಿದರು.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಮೊಳಗಿನ ಬಾಲವನ್ನು ಗದ್ದಲವೆಂದು ತಿಳಿದು ಅದರ ತಂತ್ರಾಂಶ ಸವರಿಹಾಕಿತ್ತು. ಹುಡುಗ ಬ್ಯಾಗಿನಿಂದ ತನ್ನ ಮೈಕು ತೆಗೆದ. ಕಂಪ್ಯೂಟರಿಗೆ ಇಳಿಸಿಕೊಂಡು ಮೊದಲ ಕಾಲು ಸೆಕೆಂಡನ್ನು ಅಳಿಸಿ, ಉಳಿದದ್ದನ್ನು ನುಡಿಸಿದ. ಇಬ್ಬರೂ ಸುಮ್ಮನಾದೆವು. ಅದು ಲ್ಯಾಂಪ್‌ಶೇಡು ಆಗಿರಲಿಲ್ಲ, ಗಂಟೆಯೂ ಆಗಿರಲಿಲ್ಲ. ಯಾರೋ ಬಹಳ ಉದ್ದದ ಕೊಳಲಿಗೆ ಉಸಿರು ಬಿಟ್ಟ ಹಾಗಿತ್ತು. ಯಾವುದೇ ವಾದ್ಯದ ಗುರುತು ನಮಗೆ ಹತ್ತುವುದು ಬಹುಮಟ್ಟಿಗೆ ಆ ಮೊದಲ ಕ್ಷಣದ ಪೆಟ್ಟಿನಿಂದ. ಅದನ್ನು ತೆಗೆದರೆ ಕಿವಿ ದಿಕ್ಕು ತಪ್ಪುತ್ತದೆ. ಪ್ಯಾರಿಸ್ಸಿನಲ್ಲಿ ಪಿಯೆರ್ ಶೆಫೆರ್ 1948ರಲ್ಲಿ ಗಂಟೆಯ ಸದ್ದಿನ ತಲೆ ಕಡಿದು ಇದನ್ನೇ ಕಂಡುಕೊಂಡಿದ್ದ. ಅವನೂ ರೇಡಿಯೋ ನೌಕರನೇ ಎಂಬುದನ್ನು ನಾನು ತುಸು ಜಂಬದಿಂದಲೇ ಹೇಳುತ್ತಿದ್ದೇನೆ.

ಆಮೇಲೆ ಚಿತ್ರ ಬಿಡಿಸಿ ನೋಡಿದೆವು. ಕಪ್ಪು ಪರದೆಯ ಮೇಲೆ ಅಡ್ಡಡ್ಡಕ್ಕೆ ಹಳದಿ ಗೆರೆಗಳು, ಕೆಳಗಿನವು ಉದ್ದ, ಮೇಲಿನವು ಗಿಡ್ಡ. ಎಣಿಸಿದರೆ ಸ್ಪಷ್ಟವಾಗಿ ಒಂಬತ್ತು. ಒಂಬತ್ತಕ್ಕೂ ಹುಡುಗ ಶುದ್ಧ ಸ್ವರ ಹುಟ್ಟಿಸಿ, ಒಂದೊಂದೂ ಯಾವಾಗ ಸೊರಗಬೇಕು ಎಂದು ಗೆರೆ ನೋಡಿ ನಿಗದಿ ಮಾಡಿದ. ಕೇಳಿದರೆ ಲಿಫ್ಟು ಬಂದು ನಿಂತ ಹಾಗಿತ್ತು. ಎಲ್ಲ ಸರಿ, ಜೀವ ಇಲ್ಲ. ಹಳೆಯ ವಾಲ್ವಿನ ಆಸಿಲೇಟರುಗಳು ಬಿಸಿಯಾಗುತ್ತಾ ಬಂದ ಹಾಗೆ ಶ್ರುತಿ ಕೂದಲೆಳೆಯಷ್ಟು ಸರಿಯುತ್ತದೆ ಎಂದು ನಾನು ನೆನಪಿಸಿದೆ. ನಮ್ಮ ಎಂಜಿನಿಯರುಗಳು ಅದಕ್ಕಾಗಿಯೇ ಅವನ್ನು ಅರ್ಧ ಗಂಟೆ ಮೊದಲು ಹಾಕಿಡುತ್ತಿದ್ದರು. ಒಂಬತ್ತನ್ನೂ ತುಸು ತುಸು ಅಲುಗಿಸು ಅಂದೆ. ಅಲುಗಿಸಿದ. ಮರಳಿನ ಮೇಲಿನ ಬಿಸಿಲು ಬರಲಿಲ್ಲ, ಆದರೆ ಲಿಫ್ಟು ಹೋಯಿತು. ಇಂದಿನ ಯಂತ್ರದಲ್ಲಿ ಎರಡು ಗಂಟೆ ಹಿಡಿದ ಇದನ್ನು ಆಕೆ ಕಿವಿಯಲ್ಲಿ, ಗುಂಡಿ ತಿರುಗಿಸುತ್ತಾ, ಹನ್ನೆರಡು ಆಸಿಲೇಟರ್‌ಗಳಲ್ಲಿ ಮಾಡಿದ್ದಳು.

ಹುಡುಗನಿಗೆ ಬೇಕಾದ ಸಿಂಥಸೈಜರ್ ಆ ವಿಭಾಗಕ್ಕೆ ಬಾರದೇ ಇರಲಿಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಗೋಡೆಯಷ್ಟು ದೊಡ್ಡದೊಂದು ಬಂತು. ಸ್ಟುಡಿಯೋ ಇದ್ದ ರಸ್ತೆಯ ಹೆಸರಿನಿಂದ ಅದನ್ನು ಡೆಲಾವೇರ್ ಎಂದು ಕರೆದರು. 1972ರಲ್ಲಿ ಅದೇ ಶೀರ್ಷಿಕೆ ಸಂಗೀತವನ್ನು ಅದರಲ್ಲಿ ಮತ್ತೆ ಮಾಡಿದರು. ರಬ್ಬರ್ ಎಳೆದು ಬಿಟ್ಟ ಹಾಗಿದೆ, ಯಾರೂ ಮೆಚ್ಚಲಿಲ್ಲ, ಮೂಲೆಗೆ ಬಿತ್ತು. ಮರುವರ್ಷ ಡಾರ್ಬಿಶರ್ ಬಿಬಿಸಿ ಬಿಟ್ಟಳು. 1980ರಲ್ಲಿ ಪೀಟರ್ ಹೊವೆಲ್ ಮಾಡಿದ ಆವೃತ್ತಿಗೆ ಬಳಸಿದ ಯಮಾಹಾ, ರೋಲಂಡ್, ಆರ್ಪ್ ಯಂತ್ರಗಳ ಹೆಸರುಗಳೆಲ್ಲ ದಾಖಲೆಯಲ್ಲಿವೆ, ಹಳೆಯ ಸಾಮಾನು ಮಾರುವವರಲ್ಲಿ ದುಡ್ಡು ಕೊಟ್ಟರೆ ಇವತ್ತಿಗೂ ಸಿಗುತ್ತವೆ. ಅದೂ ಒಳ್ಳೆಯ ಕೆಲಸವೇ. ಹುಡುಗ ಅದನ್ನು ಎರಡು ಸಲ ಕೇಳಿ, "ಇದನ್ನ ನಾನೂ ಮಾಡ್ಬಹುದು ಅತ್ತೆ" ಅಂದ. ಹೊಗಳಿಕೆಯ ಧ್ವನಿಯಲ್ಲಿ ಅಲ್ಲ.

2001ರಲ್ಲಿ ಡಾರ್ಬಿಶರ್ ತೀರಿಕೊಂಡ ಮೇಲೆ ಆಕೆಯ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ತಿಂಡಿಯ ರಟ್ಟಿನ ಡಬ್ಬಗಳಲ್ಲಿ ತುಂಬಿದ್ದವು. ವರ್ಕ್‌ಶಾಪಿನ ಟೇಪುಗಳನ್ನು ಜೋಪಾನ ಮಾಡಿದ ಮಾರ್ಕ್ ಏಯರ್ಸ್ ಇವನ್ನೂ ಕಾಪಾಡಿಟ್ಟ. 2007ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದವು. ಇದನ್ನು ಓದುತ್ತಿದ್ದಾಗ ನಾನು ಎದ್ದು ನಮ್ಮ ಅಟ್ಟದ ಏಣಿ ಹಿಡಿದೆ.

ಡಾಲ್ಡಾ ಡಬ್ಬದಲ್ಲಿ ಒಂದು ಐದಂಗುಲದ ಸ್ಪೂಲು ಇರಬೇಕಿತ್ತು, ಇತ್ತು. ಮುಚ್ಚಳ ತೆಗೆದರೆ ವಿನಿಗರ್ ವಾಸನೆ. ಕೆಲಸದ ಮೊದಲ ವರ್ಷಗಳಲ್ಲಿ ಕಸದ ಬುಟ್ಟಿಗೆ ಹೋಗುತ್ತಿದ್ದ ತುಂಡುಗಳಲ್ಲಿ ಇಷ್ಟವಾದವನ್ನು ನಾನು ಬಿಡುವಿನಲ್ಲಿ ಒಂದಕ್ಕೊಂದು ಅಂಟಿಸಿ ಇಟ್ಟುಕೊಂಡಿದ್ದೆ. ಕೆಮ್ಮು, ಸೀನು, ಹಾಳೆ, ಕುರ್ಚಿಯ ಕಿರುಗು, 'ಅಂದ್ರೆ ಏನು ಅಂದ್ರೆ', ಹರಿಕಥೆಯವರ ದೀರ್ಘ ಉಸಿರು. ನಲವತ್ತು ವರ್ಷದ ಅಂಟು ಒಣಗಿ, ಬಿಚ್ಚುತ್ತಿದ್ದ ಹಾಗೆ ತುಂಡುಗಳು ಎಲೆಯಡಿಕೆಯ ಚೂರಿನಂತೆ ಮೇಜಿನ ತುಂಬ ಉದುರಿದವು. ಬ್ಲಾಕು ಹುಡುಕಿದೆ, ಹೊಸ ಅಂಟುಪಟ್ಟಿ ತರಿಸಿದೆ. ತುದಿಗೆ ತುದಿ ಮುಟ್ಟಿಸುವಾಗ ಕನ್ನಡಕ ಬೇಕಾಯಿತು, ಉಗುರಿಗೆ ಮಾತ್ರ ಏನೂ ಮರೆತಿರಲಿಲ್ಲ. ಎರಡು ಮಧ್ಯಾಹ್ನ ಹಿಡಿಯಿತು. ಹುಡುಗ ಪಕ್ಕದಲ್ಲಿ ಕೂತು ತುಂಡುಗಳನ್ನು ಅಳೆದು ಪುಸ್ತಕದಲ್ಲಿ ಬರೆದುಕೊಂಡ. ಬೆಂಗಳೂರಿನಲ್ಲಿ ಸ್ಪೂಲು ಯಂತ್ರ ಇನ್ನೂ ಓಡಿಸುವ ಸ್ನೇಹಿತನೊಬ್ಬನಿದ್ದಾನೆ ಎಂದು, ಡಬ್ಬದ ಸಮೇತ ತೆಗೆದುಕೊಂಡು ಹೋದ. ಲ್ಯಾಂಪ್‌ಶೇಡು ಹಿತ್ತಲಲ್ಲೇ ಇದೆ.

ಯುಗಾದಿಯ ಹಿಂದಿನ ದಿನ ಫೋನಿಗೆ ಒಂದು ಆಡಿಯೋ ಬಂತು, ನಾಲ್ಕು ನಿಮಿಷದ್ದು. ಜೊತೆಗೆ ಒಂದೇ ಪ್ರಶ್ನೆ: "ಏನೇನು ಬಳಸಿದೀನಿ, ಹೇಳಿ ನೋಡೋಣ." ಹರಿಕಥೆಯವರ ಉಸಿರು ಗಾಳಿಯಾಗಿತ್ತು, ತಕ್ಷಣ ತಿಳಿಯಿತು. ಕುರ್ಚಿಯ ಕಿರುಗು ಎಲ್ಲೋ ಮೇಲೆ ಜಾರುತ್ತಿತ್ತು. ಕೆಳಗೆ ಬೀಳುತ್ತಿದ್ದ ಗುಮ್ಮೆನ್ನುವ ಮಂದ್ರ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಮೂರು ಸಲ ಕೇಳಿದೆ. ಪ್ರತಿ ಸಲವೂ ಅದೇ ಗೀರು, ಅದೇ ಗುಂಜು. ನಾಲ್ಕನೇ ಸಲಕ್ಕೆ ಎಮ್ಮೆ ನರಳಿದ್ದು ಕೇಳಿಸಿತು. 1986ರ ಕೃಷಿರಂಗ, ಭದ್ರಾ ನಾಲೆಯ ಬದಿಯ ಭತ್ತದ ರೈತರು. ಅವರ ಕೆಮ್ಮನ್ನು ಹುಡುಗ ಅರ್ಧ ವೇಗಕ್ಕೆ ಇಳಿಸಿದ್ದ. "ಆರಂಗುಲ," ಎಂದಷ್ಟೇ ಉತ್ತರ ಬರೆದು ಕಳಿಸಿದೆ.